ಸುಬೇದಾರರ ಎಡೆ

ಟಕ್.

ಎಲ್ಲರೂ ಮಲಗಿದ ಮೇಲೆ ತಾರಸಿಯಿಂದ ಬಂದ ಆ ಸಣ್ಣ ಸದ್ದಿಗೆ ಮಾನಸ ಎದ್ದು ಕುಳಿತಳು. ಅವಳಿಗೆ ನಿದ್ದೆ ಹತ್ತಿರಲೇ ಇಲ್ಲ. ಪಕ್ಕದಲ್ಲಿದ್ದ ತಾಯಿ ಮಂಗಳಮ್ಮನ ಉಸಿರನ್ನೇ ಕಾಯುತ್ತಿದ್ದಳು. ಸಕ್ಕರೆ ಕಾಯಿಲೆಯ ಹೆಂಗಸು ಬೆಳಗಿನಿಂದ ಒಂದಗುಳು ಮುಟ್ಟಿರಲಿಲ್ಲ. "ನಿಮ್ಮಪ್ಪ ಉಣ್ಣೋಗಂಟ ನಾನೂ ಉಣ್ಣಲ್ಲ" ಎಂದುಬಿಟ್ಟಿದ್ದಳು, ಮುಗಿಯಿತು.

ಅಂದು ಅಪ್ಪನ ತಿಥಿ. ಅಪ್ಪ ಎಂದರೆ ಬನ್ನಿಮಂಟಪದ ನಿವೃತ್ತ ಸುಬೇದಾರ್ ರಾಮಸ್ವಾಮಿ. ಮಗಳಿಗೆ ತಾವೇ ಜಡೆ ಹೆಣೆದು, ಎರಡೂ ಸಮ ಇವೆಯೇ ಎಂದು ಸ್ಕೇಲ್ ಹಿಡಿದು ನೋಡಿ ಶಾಲೆಗೆ ಕಳಿಸುತ್ತಿದ್ದವರು. ದಸರೆಯ ಪಂಜಿನ ಕವಾಯತಿನ ತಾಲೀಮು ಶುರುವಾದರೆ ಬೇಲಿಯಾಚೆ ನಿಂತು "ಎರಡನೇ ಸಾಲು ಸೊಟ್ಟ!" ಎಂದು ಕೂಗಿ, ಪೊಲೀಸರಿಂದ ಬೈಸಿಕೊಂಡು, ಮರುದಿನ ಮತ್ತೆ ಹೋಗುತ್ತಿದ್ದವರು.

ತಾರಸಿಯಲ್ಲಿ ಅವರಿಗೆಂದು ಮುದ್ದೆ, ಮಟನ್ ಸಾರು, ಒಂದು ಲೋಟ ರಮ್ಮು ಎಡೆ ಇಟ್ಟಿದ್ದರು. ಕಾಗೆಗಳು ಬಂದವು. ಬಂದು, ಮೋಟುಗೋಡೆಯ ಮೇಲೆ ಸಮ ಅಂತರದಲ್ಲಿ ಸಾಲಾಗಿ ನಿಂತವು. ಮುಟ್ಟಲಿಲ್ಲ.

"ಆರ್ಡರ್ ಬೇಕು ಕಣಮ್ಮ," ಎಂದಿದ್ದರು ಅಪ್ಪನ ಪಲ್ಟನ್ನಿನ ಹಳೆಯ ಹವಾಲ್ದಾರ್ ಚಿಕ್ಕಣ್ಣ. "ಸಾಹೇಬ್ರು ಆರ್ಡರ್ ಇಲ್ದೆ ತುತ್ತು ಎತ್ತಿದೋರಲ್ಲ."

"ನೀವೇ ಕೊಡಿ ಮಾವ."

"ಹವಾಲ್ದಾರ ಸುಬೇದಾರ್ರಿಗಾ? ಕೋರ್ಟ್ ಮಾರ್ಷಲ್ ಆಯ್ತದೆ!"

"ಸತ್ತೋರಿಗೆ ಎಂಥ ಕೋರ್ಟ್ ಮಾರ್ಷಲ್?"

"ಅವರಿಗಲ್ಲ ಕಣಮ್ಮ, ನಂಗೆ!"

ಜೀವಮಾನವಿಡೀ ಗಂಡನನ್ನು ಗದರಿದ ಮಂಗಳಮ್ಮ, ಅವರು ಹೋದಾಗಿನಿಂದ ದನಿಯೆತ್ತಿರಲಿಲ್ಲ. "ಹೋಗೋ ದಿನಾನೂ ಬೈದ್ಬುಟ್ಟೆ ಕಣೇ. ಆ ಕೋಪಕ್ಕೇ ಬತ್ತಿಲ್ಲ."

ಮಾನಸ ಮೆಟ್ಟಿಲು ಹತ್ತಿ ತಾರಸಿಯ ಬಾಗಿಲು ತೆರೆದಳು. ಬೀದಿದೀಪದ ಬೆಳಕಿನಲ್ಲಿ ಸಾಲು ಹಾಗೆಯೇ ಇತ್ತು. ಅವಳನ್ನು ಕಂಡದ್ದೇ ಎಲ್ಲವೂ ಒಟ್ಟಿಗೆ ಕಾಲು ಜೋಡಿಸಿದವು. ಟಕ್.

ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದಳು. ಇರಲಿಲ್ಲ. ಅಪ್ಪ ಕಲಿಸಿದ್ದನ್ನು ನೆನೆದು, ಮೆಲ್ಲಗೆ, "ವಿಶ್ರಾಮ್" ಎಂದಳು. ಕಾಗೆಗಳು ಕಾಲು ಅಗಲಿಸಿದವು, ಅಷ್ಟೇ. ಸಾಲು ಬಿಡಿಸಲು "ಲೈನ್ ತೋಡ್" ಎಂದಳು. ಒಂದೂ ಕದಲಲಿಲ್ಲ. "ದಯವಿಟ್ಟು" ಎಂದಾಗ ಕೊನೆಯ ಕಾಗೆ ಥೇಟ್ ಅಪ್ಪನ ಹಾಗೆ ಮುಖ ತಿರುಗಿಸಿತು.

ಕೆಳಗಿನಿಂದ ಅಮ್ಮ ನರಳಿದಳು. "ಮಾನಸಾ... ಕಣ್ಣು ಕತ್ಲೆ ಬತ್ತದೆ ಕಣೇ..."

ಮಾನಸಳಿಗೆ ಜೀವವೇ ಬಾಯಿಗೆ ಬಂತು. ಬಾಯಿಂದ ಬಂದದ್ದು ಮಾತ್ರ ಅವಳ ದನಿಯಲ್ಲ; ಬಾಲ್ಯದ ಪ್ರತಿ ರಾತ್ರಿ ಅಡುಗೆಮನೆಯಿಂದ ಕೇಳುತ್ತಿದ್ದ ದನಿ:

"ಉಣ್ಣಾಕೆ ಬತ್ತೀರೋ, ಇಲ್ಲ ನಾಯಿಗೆ ಹಾಕ್ಬುಡ್ಲೋ?"

ಸಾಲು ಚೆಲ್ಲಾಪಿಲ್ಲಿಯಾಯಿತು. ಒಂದನ್ನೊಂದು ತಳ್ಳಿಕೊಂಡು ಕಾಗೆಗಳು ಎಲೆಯ ಮೇಲೆ ಬಿದ್ದವು. ಒಂದು ಮಾತ್ರ ಮೊದಲು ಲೋಟಕ್ಕೆ ಕೊಕ್ಕು ಹಾಕಿತು.

ಮಾನಸ ಓಡಿ ಕೆಳಗಿಳಿದಳು.

"ನಾನು ಬೈದೇ ಇಲ್ಲ, ನನ್ನ ದನಿ ಎಲ್ಲಿಂದ ಬಂತೇ?" ಎಂದಳು ಮಂಗಳಮ್ಮ.

"ಕನಸಿರಬೇಕಮ್ಮ. ಕಾಗೆ ಮುಟ್ತು. ಉಣ್ಣು."

"ಕೋಪ ಇಲ್ಲ ಅಂತೀಯಾ?"

"ಕೋಪ ಎಲ್ಲಿಂದ ಬಂತು? ಓಡ್ಬಂದ್ರು."

ಮಂಗಳಮ್ಮ ಅಳುತ್ತಲೇ ಮುದ್ದೆ ಮುರಿದಳು.

ಬೆಳಿಗ್ಗೆ ಚಿಕ್ಕಣ್ಣ ಪದಕಗಳನ್ನೆಲ್ಲ ಸಿಕ್ಕಿಸಿಕೊಂಡೇ ಬಂದರು. "ರಾತ್ರಿ ನಜರ್‌ಬಾದಿನ ಕರ್ನಲ್ ಸಾಹೇಬ್ರಿಗೆ ಫೋನ್ ಹಾಕಿ ಆರ್ಡರ್ ಕೊಡಿಸ್ದೆ! ಮುಟ್ತಲ್ವಾ? ಅದು ನಮ್ಮ ಸುಬೇದಾರ್ರು ಅಂದ್ರೆ!"

ಮಾನಸ ಅಪ್ಪನ ಫೋಟೋ ನೋಡಿದಳು. ಗದ್ದ ಮೇಲೆತ್ತಿ, ಎದೆಯುಬ್ಬಿಸಿ ನಿಂತಿದ್ದರು. ಕರ್ನಲ್ಲರ ಆರ್ಡರಿಗೇ ಬಂದರೆಂದು ಪಲ್ಟನ್ನು ನಂಬಿಕೊಳ್ಳಲಿ. ನಾಯಿಯ ಮಾತನ್ನು ಮಾತ್ರ ಯಾರಿಗೂ ಹೇಳುವುದು ಬೇಡವೆಂದುಕೊಂಡು, ಅವಳು ಚಿಕ್ಕಣ್ಣನವರಿಗೆ ಕಾಫಿ ತರಲು ಒಳಗೆ ಹೋದಳು.