ಸುಮ್ಮನಿದ್ದವರ ಗೋಮಾಳ

ನಮ್ಮ ಮಾವ ಪುಟ್ಟಮಲ್ಲಪ್ಪನವರು ತಮ್ಮ ನೆರಳನ್ನೂ ನಂಬುವವರಲ್ಲ. ಅದರಲ್ಲೂ ಸರ್ಕಾರದವರು ನಗುತ್ತಾ ಬಂದರಂತೂ ಮುಗಿಯಿತು. ಆವತ್ತು ಬಂದ ಅಧಿಕಾರಿ ನಗುತ್ತಲೇ ಜೀಪಿನಿಂದ ಇಳಿದ. ಊರ ಗೋಮಾಳದಲ್ಲಿ ಅರಿಶಿನದ ಗೋದಾಮು ಕಟ್ಟುತ್ತೇವೆ, ಹಿಂದುಳಿದ ಜಿಲ್ಲೆ ಮುಂದೆ ಬರುತ್ತದೆ ಎಂದ. ಗೋಮಾಳವೇ ಹೋದರೆ ಮಾದಮ್ಮನ ಕುರಿಗಳು ಎಲ್ಲಿ ಮೇಯಬೇಕು ಎಂಬುದನ್ನು ಹೇಳಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳ ಸಂಸಾರ ನಡೆದಿರುವುದೇ ಆ ಕುರಿಗಳಿಂದ.

ಮಾವ ಹಿಂದಿನ ದಿನವೇ ಮನೆಮನೆಗೂ ಹೋಗಿ ಎಚ್ಚರಿಸಿದ್ದರು. ಗುಂಡ್ಲುಪೇಟೆ ಕಡೆ ನನ್ನ ತಂಗಿ ಶಶಿರೇಖಾಳನ್ನು ಕೊಟ್ಟ ಊರಿನಲ್ಲಿ, ಹಾಜರಿಗೆಂದು ಸಹಿ ಹಾಕಿಸಿಕೊಂಡು ಅದನ್ನೇ ಒಪ್ಪಿಗೆ ಎಂದು ತೋರಿಸಿದ್ದರಂತೆ.

"ಯಾರೂ ಬಾಯ್ ಬುಡ್‌ಬ್ಯಾಡಿ, ಸೈನ್ ಆಕ್‌ಬ್ಯಾಡಿ, ಅವ್ರ ಟೀನೂ ಮುಟ್‌ಬ್ಯಾಡಿ. ತಾವೇ ಎದ್ದೋಯ್ತಾರೆ" ಎಂದಿದ್ದರು ಮಾವ.

ಹೆಣ್ಣು ಕೇಳಲು ಬಂದವರಿಗೂ ನಮ್ಮಲ್ಲಿ ಹೀಗೇ. ಮನೆಗೆ ಬಂದವರ ಮುಖಕ್ಕೆ ಇಲ್ಲ ಎನ್ನುವುದಿಲ್ಲ. ಸುಮ್ಮನೆ ಕೂರುತ್ತೇವೆ, ಅವರೇ ಅರ್ಥ ಮಾಡಿಕೊಂಡು ಹೊರಡುತ್ತಾರೆ.

"ಯಾರದಾದರೂ ತಕರಾರು ಇದೆಯೇ?" ಎಂದು ಅಧಿಕಾರಿ ಮತ್ತೆ ಮತ್ತೆ ಕೇಳಿದ. ನಾನು ಏಳಲು ಹೋದೆ. ಮಾವ ಕಣ್ಣಲ್ಲೇ ಗದರಿಸಿ ಕೂರಿಸಿದರು. ಲೋಟದ ಟೀ ಕೆನೆಗಟ್ಟಿತು. ಜೀಪು ಹೊರಟ ಮೇಲೆ ಊರಿಗೆ ಊರೇ ಗೆದ್ದೆವೆಂದು ಬೀಗಿತು.

ನನಗೆ ಮಾತ್ರ ಸಮಾಧಾನವಿರಲಿಲ್ಲ. ಅಧಿಕಾರಿ ಹೋಗುವಾಗಲೂ ಖುಷಿಯಾಗಿಯೇ ಇದ್ದ. ಅದೇ ತಲೆ ಕೊರೆದು, ಒಂದು ದಿನ ಮಾವನನ್ನು ಹೊರಡಿಸಿಕೊಂಡು ಚಾಮರಾಜನಗರದ ಬಸ್ ಹತ್ತಿದೆ.

ಆ ಅಧಿಕಾರಿಯ ಕಚೇರಿಯಲ್ಲಿದ್ದ ಗುಮಾಸ್ತ ಗಿರೀಶ್ ನಮ್ಮ ಮಾತು ಕೇಳಿ ಹಣೆ ಚಚ್ಚಿಕೊಂಡ. "ಕಾನೂನು ಸರಳ ಮಾಡವ್ರೆ ಕಣಕ್ಕ. ಮುಂಚೆ ಊರೋರು ಹೂಂ ಅನ್ಬೇಕಿತ್ತು. ಈಗ ಬ್ಯಾಡ ಅನ್ನದೆ ಸುಮ್ಕಿದ್ರೆ ಒಪ್ಪಿದಂಗೆ. ಇವತ್ತು ಸಾಯಂಕಾಲಕ್ಕೆ ಗಡುವು ಮುಗೀತದೆ. ಒಬ್ರು ಬರ್ಕೊಟ್ರೂ ಸಾಕು, ಮತ್ತೆ ಸಭೆ ಕರೀಲೇಬೇಕು" ಎಂದು ಬಿಳಿ ಹಾಳೆ ಮುಂದಿಟ್ಟ.

ಗೋಮಾಳವನ್ನು ನಾವೇ ವೀಳ್ಯದೆಲೆಯಲ್ಲಿಟ್ಟು ಕೊಟ್ಟು ಕಳಿಸಿದ್ದೆವು.

ಮಾವ ಹಾಳೆಯ ಮೇಲೆ ಅಂಗೈ ಊರಿದರು. "ಬ್ಯಾಡ ಕಣವ್ವ. ಸರ್ಕಾರದ ಸಂಬಳ ತಿನ್ನೋನು ನಮ್ಗ್ಯಾಕೆ ಒಳ್ಳೇದ್ ಏಳ್ತಾನೆ? ಇದೇ ಬಲೆ. ನಡಿ, ಓಗನ."

ನನಗೂ ಅನುಮಾನ ಬಾರದೆ ಇರಲಿಲ್ಲ. ಆದರೆ ಹೊತ್ತು ಇಳಿಯುತ್ತಿತ್ತು. ಹಾಳೆ ಎಳೆದುಕೊಂಡು, ಗೋಮಾಳ ಕೊಡಲು ಒಪ್ಪಿಗೆ ಇಲ್ಲವೆಂದು ಕೈಯಾರೆ ಬರೆದು ಸಹಿ ಹಾಕಿ ಕೊಟ್ಟೆ. ಬಸ್ಸಿನಲ್ಲಿ ಮಾವ ಬೇರೆ ಸೀಟಿನಲ್ಲಿ ಕುಳಿತು ಯಾರಿಗೋ ಫೋನ್ ಮಾಡಿ "ಸುಧಾಮಣಿ ಸೈನ್ ಆಕ್‌ಬುಟ್ಳು" ಎಂದರು.

ನಾನು ಇಳಿಯುವಷ್ಟರಲ್ಲಿ ಅರಳಿಕಟ್ಟೆಯಲ್ಲಿ ಜನ ಸೇರಿದ್ದರು. ಬರೆದದ್ದನ್ನು ಹೇಳಿದೆ. ಯಾರೂ ನಂಬಲಿಲ್ಲ. ಇನ್ನೊಂದು ಸಭೆ ಕರೆಯುತ್ತಾರೆ, ಆಗ ಎಲ್ಲರೂ ಬಾಯಿಬಿಟ್ಟು ಬೇಡ ಎನ್ನೋಣ ಎಂದೆ.

"ನೋಡಿದ್ರಾ? ಸುಧಾಮಣಿನೇ ಅವ್ರನ್ನ ತಿರ್ಗಾ ಕರೆಸ್ತಾವ್ಳೆ" ಎಂದ ಕಟ್ಟೆಯ ಮೇಲೆ ಕೂತಿದ್ದ ಪಕ್ಕದ ಮನೆಯ ಶಿವಮಲ್ಲಪ್ಪ.

ಮಾದಮ್ಮ ಗೋಮಾಳದಿಂದ ಕುರಿ ಹೊಡೆದುಕೊಂಡು ಬರುತ್ತಿದ್ದಳು. ಅವಳಾದರೂ ನಂಬುತ್ತಾಳೆಂದು ಹತ್ತಿರ ಹೋದೆ. ಅವಳು ಕುರಿಗಳನ್ನು ನನ್ನಿಂದ ಆಚೆಗೆ ಅಟ್ಟಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ನಿಂಗೇನ್ ಅನ್ಯಾಯ ಮಾಡಿದ್ದೆ ತಾಯಿ? ನನ್ ಹೊಟ್ಟೆ ಮ್ಯಾಲೆ ಸೈನ್ ಆಕ್‌ಬುಟ್ಟಲ್ಲ."