ಸ್ವಇಚ್ಛೆಯಿಂದ

ನಮ್ಮ ಬೀದಿಯ ಬಟ್ಟೆಗೆಲ್ಲ ಇಸ್ತ್ರಿ ಹಾಕುವ ಇಸ್ತ್ರಿಯಕ್ಕನ ಗಂಡ ಸುಣ್ಣಬಣ್ಣದ ಕೆಲಸದವನು. ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ. ಮನೆಸಾಲದ ಆರು ಕಂತು ನಿಂತವು. ಬ್ಯಾಂಕಿನವರು ಬಾಗಿಲಿಗೆ ಹರಾಜಿನ ನೋಟೀಸು ಅಂಟಿಸಿದರು.

ಮೂರನೇ ದಿನ ಬ್ಯಾಂಕಿನ ವಸೂಲಿ ಸಾಹೇಬರು ಬಂದರು. ಸಾಲ ಕೊಡುವಾಗ ಬೂಟು ಹಾಕಿಕೊಂಡೇ ಒಳಗೆಲ್ಲ ಓಡಾಡಿದ್ದ ಮನುಷ್ಯ, ಈ ಸಲ ಹೊಸ್ತಿಲಾಚೆಯೇ ಬೂಟು ಬಿಚ್ಚಿಟ್ಟರು.

"ಹರಾಜಾದ್ರೆ ಮಾನ ಹೋಗುತ್ತಮ್ಮಾ. ನೀವೇ ಬೀಗದಕೈ ಕೊಟ್ಬಿಡಿ. ನಂಗೆ ಗೊತ್ತಿರೋರೊಬ್ರು ತಗೋತಾರೆ. ಸಾಲ ತೀರಿ ನಿಮ್ಮ ಕೈಗೂ ಸ್ವಲ್ಪ ಸಿಗಬಹುದು."

"ಸಿಗಬಹುದಾ, ಸಿಗುತ್ತಾ?"

"ನೋಡೋಣ."

ಅವರು ಕೊಟ್ಟ ಕಾಗದ ಹಿಡಿದು ಅಕ್ಕ ನನ್ನ ಜೆರಾಕ್ಸ್ ಅಂಗಡಿಗೆ ಬಂದಳು. "ತಮ್ಮಾ, ಇದನ್ನೊಂಚೂರು ಓದಿ ಹೇಳು."

'ಸ್ವಇಚ್ಛೆಯಿಂದ ಮನೆ ಬಿಟ್ಟುಕೊಡುತ್ತಿದ್ದೇನೆ. ಬೆಲೆಯ ಬಗ್ಗೆ ತಕರಾರಿಲ್ಲ' ಎಂದಿತ್ತು. ಹೋದ ವರ್ಷ ಬಡಗಿಯೂ ನರ್ಸಮ್ಮನೂ ಇಂಥದೇ ಕಾಗದದ ಪ್ರತಿ ನನ್ನಲ್ಲೇ ತೆಗೆಸಿದ್ದರು. ಆಗ ನಾನು ಓದಿರಲಿಲ್ಲ. ಚಿಲ್ಲರೆ ಎಣಿಸಿ ಕಳಿಸಿದ್ದೆ.

"ಸಹಿ ಹಾಕಿದ್ಯಾ ಅಕ್ಕಾ?"

"ಇಲ್ಲ. ಅಷ್ಟು ಮರ್ಯಾದೆ ಕೊಟ್ರು ನೋಡು, ಆಗಲೇ ಭಯ ಆಯ್ತು."

ನೋಟೀಸನ್ನೂ ತರಿಸಿಕೊಂಡು ಹಿಂಬದಿಯ ಸಣ್ಣಕ್ಷರ ಓದಿದೆ. ಹರಾಜಿನ ಹಿಂದಿನ ದಿನದವರೆಗೆ ಬಾಕಿ ಕಟ್ಟಬಹುದು. ಅಕ್ಕ ತಾನೇ ಗಿರಾಕಿ ತರಬಹುದು. ಬ್ಯಾಂಕಿನವರು ಮನೆಗೆ ಬೆಲೆ ಕಟ್ಟಿದ ವರದಿ ಕೇಳಬಹುದು. ಸಾಲ ತೀರಿ ಉಳಿದದ್ದು ಮನೆಯವರದೇ. ಅಲ್ಲಿಯತನಕ ಮನೆ ಕೆಡಿಸಬಾರದು, ಬ್ಯಾಂಕಿನ ಪತ್ರಕ್ಕೆ ಬರವಣಿಗೆಯಲ್ಲೇ ಉತ್ತರ ಕೊಡಬೇಕು.

"ಇದ್ರಲ್ಲಿ ಒಂದನ್ನೂ ಸಾಹೇಬ್ರು ಬಾಯಿಬಿಡ್ಲಿಲ್ಲವಲ್ಲ," ಎಂದಳು.

ಮಾರನೆಯ ದಿನ ಸಾಹೇಬರು ಹೇಳಿದ್ದ ಕೊಳ್ಳುವವನು ಅಕ್ಕನ ಮನೆ ನೋಡಲು ಬಂದ. ಬಗ್ಗಿ ನೆಲ ತಟ್ಟಿ ನೋಡುವಾಗ ಅವನ ಕಾಲರಿನ ಒಳಗೆ ಹಸಿರು ದಾರದ ಹೊಲಿಗೆ ಅಕ್ಕನ ಕಣ್ಣಿಗೆ ಬಿತ್ತು. ಬಟ್ಟೆ ಅದಲುಬದಲಾಗದಿರಲೆಂದು ಅಕ್ಕ ಇಸ್ತ್ರಿಗೆ ಬರುವ ಬಟ್ಟೆಗೆ ಮನೆಗೊಂದು ಬಣ್ಣದ ದಾರ ಹಾಕುತ್ತಾಳೆ. ಹಸಿರು ವಸೂಲಿ ಸಾಹೇಬರ ಮನೆಯದು. ಆ ವಾರ ಬಟ್ಟೆ ಗಂಟು ತಂದ ಸಾಹೇಬರ ಮನೆಯ ಅಡುಗೆಯವಳಿಗೆ ಅವನ ಚಹರೆ ಹೇಳಿ, ಯಾರೆಂದು ಕೇಳಿದಳು.

"ಅವ್ರಾ? ಅಮ್ಮಾವ್ರ ತಮ್ಮ. ಅಲ್ಲೇ ಇರ್ತಾರೆ."

ಬಡಗಿಗೂ ನರ್ಸಮ್ಮನಿಗೂ ವಿಷಯ ತಿಳಿಸಿ, ನಾವು ಮೂವರೂ ಅಕ್ಕನ ಜೊತೆ ಬ್ಯಾಂಕಿಗೆ ಹೋದೆವು. ಸಾಹೇಬರ ಮೇಜಿನ ಮುಂದೆ ಜನರ ಸಾಲು ನಿಂತಿತ್ತು. ಅಕ್ಕ ದನಿ ಏರಿಸಲಿಲ್ಲ.

"ಬೆಲೆ ಕಟ್ಟಿದ್ದು ನೀವು. ಕೊಳ್ಳೋದು ನಿಮ್ಮ ಬಾಮೈದ. ಇದ್ರಲ್ಲಿ ನನ್ನ ಸ್ವಇಚ್ಛೆ ಎಲ್ಲಿ ಬಂತು ಸ್ವಾಮಿ?"

"ಹೊರಗೆ ಮಾತಾಡೋಣ."

"ಇಲ್ಲೇ ಆಗ್ಲಿ. ವರದಿ ಕೊಡಿ. ನನ್ನ ತಕರಾರು ಅರ್ಜಿಗೆ ಸೀಲು ಹಾಕಿ."

"ನಮ್ಮಿಬ್ರ ಮನೆನೂ ಅವನೇ ತಗೊಂಡ," ಎಂದ ಬಡಗಿ. ಸಾಲಿನಲ್ಲಿದ್ದ ಮುದುಕರೊಬ್ಬರು ತಮ್ಮ ಕೈಯಲ್ಲಿದ್ದ ಅಂಥದೇ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. ಅಕ್ಕನ ಅರ್ಜಿಗೆ ಸೀಲು ಬಿತ್ತು.

ಮನೆಯೇನೂ ಉಳಿಯಲಿಲ್ಲ. ಅಕ್ಕನೇ ಗಿರಾಕಿ ಹುಡುಕಿ, ಸಾಹೇಬರು ಕಟ್ಟಿದ್ದರ ಒಂದೂವರೆ ಪಟ್ಟು ಬೆಲೆಗೆ ಮಾರಿದಳು. ಸಾಲ ಹೋಗಿ ಗಂಡನ ಆಪರೇಷನ್ನಿಗಾಗುವಷ್ಟು ಮಿಕ್ಕಿತು. ಈಗ ಬಾಡಿಗೆಯ ಒಂದೇ ಕೋಣೆ. ಇಸ್ತ್ರಿ ಮೇಜಿಟ್ಟರೆ ಕಾಲು ಚಾಚಲು ಜಾಗವಿಲ್ಲ. ಬಡಗಿ, ನರ್ಸಮ್ಮನ ಮನೆಗಳು ಇನ್ನೂ ಬಾಮೈದನ ಹೆಸರಲ್ಲೇ ಇವೆ. ಸಾಹೇಬರು ಅದೇ ಕುರ್ಚಿಯಲ್ಲಿದ್ದಾರೆ.

ಅಕ್ಕ, ಬಡಗಿ, ನರ್ಸಮ್ಮ ಮೂವರೂ ಸೇರಿ ಸಾಹೇಬರ ಮೇಲೆ ದೂರು ಕೊಟ್ಟರು. ನಾಲ್ಕು ತಿಂಗಳ ಮೇಲೆ ವಿಚಾರಣೆಗೆಂದು ಬ್ಯಾಂಕಿನ ಮೇಲಧಿಕಾರಿಯೊಬ್ಬ ಅಕ್ಕನ ಕೋಣೆಗೆ ಬಂದ. ಬಡಗಿಯೂ ನರ್ಸಮ್ಮನೂ ಬಾಗಿಲಲ್ಲೇ ನಿಂತಿದ್ದರು.

"ನಿಮಗೆ ನಿರ್ದಿಷ್ಟವಾಗಿ ಯಾರ ಮೇಲೆ ಅನುಮಾನ?"

"ಸದ್ಯಕ್ಕೆ ನಿಮ್ಮ ಮೇಲೂ ಇದೆ," ಎಂದು ಅಕ್ಕ ಮೇಜಿನ ಮೇಲಿದ್ದ ಬಟ್ಟೆ ಸರಿಸಿ ಜಾಗ ಮಾಡಿಕೊಟ್ಟಳು. "ಕೂತ್ಕೊಳ್ಳಿ. ನಾವು ಹೇಳ್ತೀವಿ. ನಮ್ಮೆದುರೇ ಬರ್ಕೊಳ್ಳಿ."