ಹನೋಯ್‌ಗೆ ಹನ್ನೆರಡು ದಿನ

“ನಾಳೆ ಸೋಫಿಯಾಕ್ಕೆ ಹೋಗಿ ಚೀನಾದ ರಾಯಭಾರ ಕಚೇರಿಗೆ ವೀಸಾಕ್ಕೆ ಅಂತ ಎರಡೂ ಪಾಸ್‌ಪೋರ್ಟ್ ಕೊಟ್ಟುಬಿಟ್ರೆ ಆರು ದಿನ ಅವು ನಮ್ಮವಲ್ಲ. ಬಂದ ಮೇಲೆ ಟಿಕೆಟ್ಟು!” ಎಂದಳು ಮಾಯ್, ಅಡುಗೆಮನೆಯ ಮೇಜಿನ ಮೇಲೆ ತನ್ನ ಹಳೆಯ ಶಾಲಾ ಭೂಪಟ ಬಿಡಿಸುತ್ತ.

ದೋನ್ಕಾ ಒಲೆಯ ಮೇಲೆ ದಪ್ಪ ಮೆಣಸಿನಕಾಯಿ ಸುಡುತ್ತಿದ್ದಳು. ಸಿಪ್ಪೆ ಕಪ್ಪಾಗಿ ಬಿರಿದು ಹೊಗೆ ಎದ್ದರೂ ತಿರುವಿಹಾಕಲಿಲ್ಲ.

“ರೂಸೆಯಿಂದ ಮಾಸ್ಕೋಗೆ ಎರಡು ರಾತ್ರಿ. ಅಲ್ಲೊಂದು ದಿನ ತಂಗೋದು. ಬೀಜಿಂಗ್‌ಗೆ ಆರು, ಅಲ್ಲೊಂದು ದಿನ, ಆಮೇಲೆ ಹನೋಯ್‌ಗೆ ಎರಡು. ಒಂದು ರೈಲು ತಪ್ಪಿತೋ, ಮಂಗೋಲಿಯಾದ ವೀಸಾ ಮುಗಿದುಹೋಗುತ್ತೆ. ಅಮ್ಮಾ, ಕೇಳಿಸ್ತಾ?”

“ಕೇಳಿಸ್ತು. ನಾನೇನು ಕಿವುಡಿಯಲ್ಲ.”

“ಇಪ್ಪತ್ತು ವರ್ಷ ಮಗ್ಗದ ಮುಂದೆ ನಿಂತೋಳು. ಅದಕ್ಕೇ ಕೂಗ್ತೀನಿ.”

ರೂಸೆಯ ಬಟ್ಟೆ ಗಿರಣಿಯ ಆ ಮಗ್ಗಗಳ ಸದ್ದಿನಲ್ಲೇ ದೋನ್ಕಾಗೆ ಥುವಾನ್ ಸಿಕ್ಕಿದ್ದ. ವಿಯೆಟ್ನಾಂನಿಂದ ಐದು ವರ್ಷದ ಕರಾರಿನ ಮೇಲೆ ಬಲ್ಗೇರಿಯಾಕ್ಕೆ ಕೆಲಸಕ್ಕೆ ಬಂದವರಲ್ಲಿ ಒಬ್ಬ. ಕಮ್ಯುನಿಸ್ಟ್ ಸರ್ಕಾರ ಬಿದ್ದು ಗಿರಣಿ ಬಾಗಿಲು ಹಾಕಿತು, ಅವರನ್ನೆಲ್ಲ ವಾಪಸು ಕಳಿಸಿದರು. ಆಗ ದೋನ್ಕಾ ಏಳು ತಿಂಗಳ ಬಸುರಿ. ಎರಡು ಪತ್ರ ಬಂದವು, ಮೂರನೆಯದು ಬರಲಿಲ್ಲ. ಮಗಳಿಗೆ ಇಪ್ಪತ್ತೊಂದಾದಾಗ ಅವಳೇ ಹುಡುಕಿ ಹುಡುಕಿ ಅಪ್ಪನ ವಿಳಾಸ ಹಿಡಿದಳು. ದೋನ್ಕಾಗೆ ಹೋದ ವರ್ಷ ಒಂದು ಶ್ವಾಸಕೋಶ ಕುಸಿದಿತ್ತು, ವಿಮಾನದ ಹೆಸರೆತ್ತಬೇಡಿ ಎಂದಿದ್ದರು ವೈದ್ಯರು. ಹಾಗಾದರೆ ರೈಲು, ಎಂದಿದ್ದಳು ಮಾಯ್.

ಬೆಳಿಗ್ಗೆ ಹತ್ತಕ್ಕೆ ಮಾಯ್ ಕೆಲಸಕ್ಕೆ ಹೋಗಿದ್ದಾಗ ಫೋನ್ ಬಂದಿತ್ತು. ಅದೇ ಗಿರಣಿಯಲ್ಲಿ ದುಡಿದ ಹೋವಾ ಎಂಬಾಕೆ ಹನೋಯ್‌ನಿಂದ, ಮರೆತುಹೋದ ಬಲ್ಗೇರಿಯನ್ ಪದಗಳನ್ನು ಒಂದೊಂದಾಗಿ ಹೆಕ್ಕಿ ಹೇಳಿದ್ದಳು: ಥುವಾನ್ ಆಸ್ಪತ್ರೆಯಲ್ಲಿದ್ದಾನೆ, ನಾಲ್ಕೈದು ದಿನ, ಹೆಚ್ಚಿಲ್ಲ. ಹುಡುಗಿಯನ್ನು ಕಳಿಸು.

ಹುಡುಗಿಯನ್ನು. ನೀನೂ ಬಾ ಎನ್ನಲಿಲ್ಲ. ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ‘ನೋಡು, ನಾನೊಬ್ಬಳೇ ಸಾಕಿದೆ’ ಎಂದು ಅವನೆದುರು ಹೇಳುವ ಆ ಒಂದು ಗಳಿಗೆಯನ್ನು ದೋನ್ಕಾ ವರ್ಷಗಟ್ಟಲೆ ಮನಸ್ಸಿನಲ್ಲೇ ಆಡಿಕೊಂಡಿದ್ದಳು. ಬಾಯಿ ಬಿಟ್ಟರೆ ಮಾಯ್ ನಾಳೆಯೇ ಒಬ್ಬಳೇ ಹಾರುತ್ತಾಳೆ. ಬಿಡದಿದ್ದರೆ ಪಾಸ್‌ಪೋರ್ಟ್ ಆರು ದಿನ ಸೋಫಿಯಾದಲ್ಲಿ; ಅಷ್ಟರಲ್ಲಿ ಥುವಾನ್ ಇರುವುದಿಲ್ಲ, ತಾನಿಲ್ಲದೆ ಮಗಳೂ ಅವನನ್ನು ನೋಡುವುದಿಲ್ಲ.

“ಅಮ್ಮಾ, ಅವರು ನನ್ನ ಗುರುತು ಹಿಡೀತಾರಾ?” ಮಾಯ್ ತಲೆಯೆತ್ತದೆ ಕೇಳಿದಳು. “ಇಲ್ಲಿ ಎಲ್ಲರೂ ಚೀನೀ ಹುಡುಗಿ ಅಂದ್ರು. ಅಲ್ಲಿಯೋರು ಬಿಳಿ ಹುಡುಗಿ ಅಂದುಬಿಟ್ರೆ?”

ದೋನ್ಕಾ ಒಲೆ ಆರಿಸಿದಳು.

“ನಾಳೆ ಸೋಫಿಯಾಕ್ಕೆ ಹೋಗಬೇಡ ಮಗಳೇ.” ಉಳಿದದ್ದನ್ನು ಗೋಡೆಯ ಕಡೆ ಮುಖಮಾಡಿಯೇ ಹೇಳಿ ಮುಗಿಸಿದಳು.

“ಎಷ್ಟೊತ್ತಿಗೆ ಬಂತು ಫೋನು?”

“ಹತ್ತಕ್ಕೆ.”

“ಈಗ ಆರೂವರೆ!” ಮಾಯ್ ಎದ್ದ ರಭಸಕ್ಕೆ ಕುರ್ಚಿ ಮಗುಚಿತು. “ನನ್ನ ಪಾಸ್‌ಪೋರ್ಟಲ್ಲಿ ವಿಯೆಟ್ನಾಂ ವೀಸಾ ಬಿದ್ದಾಗಿದೆ ಅಂತ ಗೊತ್ತಿತ್ತಲ್ಲ ನಿನಗೆ? ಮಧ್ಯಾಹ್ನವೇ ಹೊರಡಬಹುದಿತ್ತು! ನಾನು ಈಗ ಹೀಗೆ ಕೇಳದೇ ಇದ್ದಿದ್ರೆ ಹೇಳ್ತಿದ್ಯಾ?”

ಹೇಳ್ತಿದ್ದೆ ಎಂಬ ಸುಳ್ಳು ನಾಲಗೆಯ ತುದಿಗೇ ಬಂದಿತ್ತು.

“ಗೊತ್ತಿಲ್ಲ,” ಎಂದಳು ದೋನ್ಕಾ.

ಬೆಳಗಿನ ಮೊದಲ ಬಸ್ಸಿಗೆ ಮಾಯ್ ಗಡಿಯ ನದಿ ದಾಟಿ, ಪಕ್ಕದ ದೇಶದ ಬುಕಾರೆಸ್ಟಿನ ವಿಮಾನ ನಿಲ್ದಾಣಕ್ಕೆ ಹೋದಳು. ಬಾಗಿಲಲ್ಲಿ ತಾಯಿಯ ಮುಖ ನೋಡಲಿಲ್ಲ.

ಮೂರನೆಯ ದಿನ ಫೋನ್ ಬಂತು. “ಮಾತಾಡು, ಅಪ್ಪನ ಕಿವಿಗೆ ಹಿಡೀತೀನಿ,” ಎಂದಷ್ಟೇ ಹೇಳಿದಳು ಮಾಯ್. ಆ ಕಡೆ ಭಾರವಾದ ಉಸಿರು. ಕಟ್ಟಿಟ್ಟ ಮಾತುಗಳಲ್ಲಿ ಒಂದೂ ದೋನ್ಕಾಳ ಬಾಯಿಗೆ ಬರಲಿಲ್ಲ.

“ದೋನ್ಕಾ,” ಎಂದಿತು ಸೊರಗಿದ ದನಿ, “ಊಟ ಆಯ್ತಾ?”

“ಆಯ್ತು,” ಎಂದಳು. ಆಗಿರಲಿಲ್ಲ.

ಮರುದಿನ ಅವನು ತೀರಿಕೊಂಡ. ವಾರ ಕಳೆದು ಮಾಯ್ ಮತ್ತೆ ಕರೆ ಮಾಡಿದಳು.

“ಇಲ್ಲಿ ನಲವತ್ತೊಂಬತ್ತನೇ ದಿನಕ್ಕೆ ಪೂಜೆ ಮಾಡ್ತಾರಂತೆ,” ಎಂದಳು. “ನಾನು ಅಲ್ಲೀವರೆಗೂ ಇರ್ತೀನಿ. ರೈಲಲ್ಲಿ ಬಂದ್ರೂ ಮುಟ್ತೀಯ.”

“ಬರಲಾ?”

“ಮಂಗೋಲಿಯಾದ ತಾರೀಖು ಸರಿಯಾಗಿ ನೋಡ್ಕೋ. ಅಲ್ಲೇ ತಪ್ಪೋದು.”

ದೋನ್ಕಾ ಕನ್ನಡಕ ಹಾಕಿಕೊಂಡು ತಾರೀಖುಗಳನ್ನೆಲ್ಲ ಹೊಸದಾಗಿ ಲೆಕ್ಕಹಾಕಿದಳು. ಎರಡು ಸಲ ತಪ್ಪಿತು, ಮೂರನೆಯ ಸಲ ಕೂಡಿಬಂತು.

ಮಂಗೋಲಿಯಾ ದಾಟಿ ಚೀನಾದ ಗಡಿಯಲ್ಲಿ ಅವಳ ರೈಲನ್ನು ಒಂದು ದೊಡ್ಡ ಶೆಡ್ಡಿನೊಳಕ್ಕೆ ತಳ್ಳಿದರು. ಅಲ್ಲಿಂದಾಚೆ ಹಳಿಯ ಅಗಲ ಬೇರೆ, ಚಕ್ರ ಬದಲಿಸಬೇಕು. ಪ್ರಯಾಣಿಕರು ಕೂತಿರುವಂತೆಯೇ ಡಬ್ಬಿ ನಿಧಾನವಾಗಿ ಮೇಲೆದ್ದಿತು. ಎದುರು ಸೀಟಿನ ಮುದುಕ ನಿದ್ದೆಯಿಂದ ಏಳಲಿಲ್ಲ. ಕೆಳಗೆ ಹಳೆಯ ಚಕ್ರಗಳು ಒಂದರ ಹಿಂದೊಂದು ಉರುಳಿಹೋದವು. ಹೊಸವು ಬರುವ ತನಕ ದೋನ್ಕಾ ಬಿಸಿ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನೆಲದಿಂದ ಆಳೆತ್ತರದಲ್ಲಿ, ಅಲುಗದೆ ಕೂತಿದ್ದಳು.